ಸೃಷ್ಟಿ, ಪ್ರತಿಸೃಷ್ಟಿ ಮತ್ತು ಹೊಣೆ: 'ಎಂದಿರನ್' ಚಿತ್ರದ ಕಥನವಿನ್ಯಾಸ ಹಾಗೂ ಪಾತ್ರಗಳ ಆದಿಬಿಂಬಗಳು

1. ಪ್ರಸ್ತಾವನೆ

ಯಂತ್ರಮಾನವನೊಬ್ಬ ತನ್ನನ್ನು ನಿರ್ಮಿಸಿದವನ ಪ್ರೇಯಸಿಯನ್ನೇ ಪ್ರೀತಿಸುವ ಕಥೆಯನ್ನು ದಕ್ಷಿಣ ಭಾರತದ ಪ್ರೇಕ್ಷಕರು ಒಂದು ದಶಕದೊಳಗೆ ಎರಡು ಬಾರಿ ಕಂಡಿದ್ದಾರೆ. ಮೊದಲನೆಯದು ಕನ್ನಡದ್ದೇ ಆದ, ದಿನೇಶ್ ಬಾಬು ನಿರ್ದೇಶನದ 'ಹಾಲಿವುಡ್' (2002). ಇದರಲ್ಲಿ ಉಪೇಂದ್ರ ಅವರು ಯಂತ್ರಮಾನವನ ಪಾತ್ರವೂ ಸೇರಿದಂತೆ ಮೂರು ಪಾತ್ರಗಳನ್ನು ನಿರ್ವಹಿಸಿದ್ದರು. ಎರಡನೆಯದು ಶಂಕರ್ ನಿರ್ದೇಶನದ ತಮಿಳು ಚಿತ್ರ 'ಎಂದಿರನ್' (2010). ಅಪಾರ ಜನಪ್ರಿಯತೆ ಗಳಿಸಿದ ಈ ಎರಡನೆಯ ಚಿತ್ರವು ಆಗ ಕನ್ನಡಕ್ಕೆ ಡಬ್ ಆಗಲಿಲ್ಲ. ಕನ್ನಡ ಪ್ರೇಕ್ಷಕರು ಅದನ್ನು ತಮಿಳಿನಲ್ಲಿ, ತೆಲುಗಿನ 'ರೋಬೋ' ಆಗಿ, ಹಿಂದಿಯ 'ರೋಬೋಟ್' ಆಗಿ ನೋಡಿದರು. ಆದಾಗ್ಯೂ ಕರ್ನಾಟಕದೊಂದಿಗೆ ಅದರ ನಂಟು ಕಡಿಮೆಯದೇನಲ್ಲ. ಸಂಭಾಷಣೆಕಾರರಲ್ಲಿ ಒಬ್ಬರಾದ ಸುಜಾತ (ಎಸ್. ರಂಗರಾಜನ್) ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿ ದೀರ್ಘಕಾಲ ಎಂಜಿನಿಯರ್ ಆಗಿದ್ದವರು, ಚಿತ್ರ ತೆರೆಗೆ ಬರುವ ಮೊದಲೇ, 2008ರಲ್ಲಿ, ನಿಧನರಾದರು. ನಾಯಕ ನಟ ರಜನೀಕಾಂತ್ ಬೆಂಗಳೂರಿನಲ್ಲಿಯೇ ಬೆಳೆದವರು.

ಪ್ರಸ್ತುತ ಲೇಖನದಲ್ಲಿ 'ಎಂದಿರನ್' ಚಿತ್ರದ ಕಥನವಿನ್ಯಾಸವನ್ನೂ ಅದರ ಪಾತ್ರಗಳ ಹಿಂದಿರುವ ಆದಿಬಿಂಬಗಳನ್ನೂ ಕನ್ನಡ ಕಾವ್ಯ ಮತ್ತು ರಂಗಪರಂಪರೆಯ ನೆಲೆಯಿಂದ ಪರಿಶೀಲಿಸಲಾಗಿದೆ. ಯೂಂಗ್, ನಾರ್ಥ್ರಾಪ್ ಫ್ರೈ, ಜೋಸೆಫ್ ಕ್ಯಾಂಪ್‌ಬೆಲ್ ಮೊದಲಾದವರ ಚಿಂತನೆಗಳು ನಮ್ಮ ಅಧ್ಯಯನಗಳಲ್ಲಿ ಬಳಕೆಗೆ ಬಂದ ಮೇಲೆ, ಕೃತಿಯೊಂದರಲ್ಲಿ ಯಾವ ಪುರಾಣದ ನೆರಳಿದೆ ಎಂದು ಪಟ್ಟಿ ಮಾಡುವುದು ಸುಲಭವಾಗಿದೆ. ಆದರೆ ಸಾದೃಶ್ಯವನ್ನು ಗುರುತಿಸುವುದು ಅಧ್ಯಯನದ ಆರಂಭವೇ ಹೊರತು ಅಂತ್ಯವಲ್ಲ. ಕೃತಿಯು ತಾನು ಬಳಸಿಕೊಂಡ ಆದಿಬಿಂಬದಿಂದ ಎಲ್ಲಿ ದೂರ ಸರಿಯುತ್ತದೆ, ಏಕೆ ಸರಿಯುತ್ತದೆ ಎಂಬುದನ್ನು ಕೇಳಿದಾಗಲೇ ಅದರ ಮೌಲ್ಯನಿಲುವು ಗೋಚರವಾಗುತ್ತದೆ. 'ಎಂದಿರನ್' ಇಂತಹ ಪರಿಶೀಲನೆಗೆ ಒಳ್ಳೆಯ ನಿದರ್ಶನ.

2. ಕಥನವಿನ್ಯಾಸ

ಭಾರತೀಯ ನಾಟ್ಯಮೀಮಾಂಸೆಯ ಪಂಚಸಂಧಿಗಳ ಚೌಕಟ್ಟಿನಲ್ಲಿ ಈ ಚಿತ್ರದ ವಸ್ತುವನ್ನು ವಿಂಗಡಿಸಿಕೊಳ್ಳಬಹುದು. ವಿಜ್ಞಾನಿ ವಸೀಗರನ್ ಅನೇಕ ವರ್ಷಗಳ ಸಂಶೋಧನೆಯ ಫಲವಾಗಿ ತನ್ನದೇ ರೂಪದ ಯಂತ್ರಮಾನವ ಚಿಟ್ಟಿಯನ್ನು ನಿರ್ಮಿಸುತ್ತಾನೆ. ಸೈನ್ಯದ ಸೇವೆಗೆ ಅದನ್ನು ಒಪ್ಪಿಸುವುದು ಅವನ ಗುರಿ. ಇದು ಮುಖಸಂಧಿ. ಅವನ ಗುರುವೂ ಆದ ಬೋರಾ, ಈ ಯಂತ್ರಕ್ಕೆ ವಿವೇಚನೆಯಿಲ್ಲ, ಆಜ್ಞಾಪಿಸಿದರೆ ನಿರ್ಮಾತೃವನ್ನೂ ಕೊಲ್ಲಬಲ್ಲದು ಎಂದು ತೋರಿಸಿ ಅನುಮೋದನೆಯನ್ನು ನಿರಾಕರಿಸುತ್ತಾನೆ. ಬೆಂಕಿ ಬಿದ್ದ ಕಟ್ಟಡದಿಂದ ಜನರನ್ನು ರಕ್ಷಿಸುವ ಚಿಟ್ಟಿ, ಸ್ನಾನ ಮಾಡುತ್ತಿದ್ದ ಹುಡುಗಿಯನ್ನು ಇದ್ದ ಸ್ಥಿತಿಯಲ್ಲೇ ಜನರೆದುರು ಎತ್ತಿ ತರುತ್ತಾನೆ. ಅವಮಾನ ತಾಳಲಾರದೆ ಓಡಿದ ಆಕೆ ವಾಹನಕ್ಕೆ ಸಿಲುಕಿ ಸಾಯುತ್ತಾಳೆ. ಪ್ರಾಣ ಉಳಿಸುವುದಕ್ಕೂ ಮಾನ ಉಳಿಸುವುದಕ್ಕೂ ಇರುವ ಅಂತರ ಯಂತ್ರಕ್ಕೆ ತಿಳಿಯದು. ಇದು ಪ್ರತಿಮುಖ.

ಗರ್ಭಸಂಧಿಯಲ್ಲಿ ವಸೀಗರನ್ ಚಿಟ್ಟಿಗೆ ಭಾವನೆಗಳನ್ನು ನೀಡುತ್ತಾನೆ. ಆ ಭಾವನೆಗಳು ಮೊದಲು ಸಿಟ್ಟಾಗಿ, ಅನಂತರ ಪ್ರೇಮವಾಗಿ ಪ್ರಕಟವಾಗುತ್ತವೆ. ವಸೀಗರನ್‌ನ ಪ್ರೇಯಸಿ ಸನಾಳ ಅಕ್ಕನ ಕಷ್ಟಕರ ಹೆರಿಗೆಯನ್ನು ಚಿಟ್ಟಿ ಯಶಸ್ವಿಯಾಗಿ ನೆರವೇರಿಸಿದಾಗ ಸನಾ ಕೃತಜ್ಞತೆಯಿಂದ ನೀಡಿದ ಮುತ್ತು ಅವನಲ್ಲಿ ಅನುರಾಗವನ್ನು ಹುಟ್ಟಿಸುತ್ತದೆ. ಹುಟ್ಟಿಗೆ ನೆರವಾದ ಕ್ಷಣವೇ ಯಂತ್ರದ ಮರುಹುಟ್ಟೂ ಆಗುವ ಈ ಜೋಡಣೆ ಅರ್ಥಪೂರ್ಣವಾದುದು. ಸನಾಳ ನಿರಾಕರಣೆಯ ನಂತರ ಚಿಟ್ಟಿ ಸೈನ್ಯದ ಪರೀಕ್ಷೆಯಲ್ಲಿ ಬೇಕೆಂದೇ ವಿಫಲನಾಗುತ್ತಾನೆ. ಕೋಪಗೊಂಡ ವಸೀಗರನ್ ಅವನನ್ನು ತುಂಡುತುಂಡು ಮಾಡುತ್ತಾನೆ. ಕಸದ ರಾಶಿಯಲ್ಲಿ ತನ್ನನ್ನು ತಾನೇ ಜೋಡಿಸಿಕೊಂಡ ಚಿಟ್ಟಿಯನ್ನು ಬೋರಾ ಕೊಂಡೊಯ್ದು, ವಿನಾಶಬುದ್ಧಿಯ ಕೆಂಪು ಚಿಪ್ ಅಳವಡಿಸುತ್ತಾನೆ. ಇದು ವಿಮರ್ಶ ಸಂಧಿ. ಸನಾಳ ಅಪಹರಣ, ಬೋರಾನ ವಧೆ, ಚಿಟ್ಟಿಯ ನೂರಾರು ಪ್ರತಿರೂಪಗಳ ಯುದ್ಧ, ಕೆಂಪು ಚಿಪ್ಪಿನ ನಿವಾರಣೆ, ನ್ಯಾಯಾಲಯದ ವಿಚಾರಣೆ, ಕೊನೆಗೆ ಚಿಟ್ಟಿಯ ಆತ್ಮವಿಸರ್ಜನೆ ನಿರ್ವಹಣ ಸಂಧಿಗೆ ಸೇರುತ್ತವೆ.

ಚೌಕಟ್ಟು ಹೊಂದುತ್ತದೆ, ಆದರೆ ಒಂದು ಕಡೆ ಬಿರುಕು ಬಿಡುತ್ತದೆ. ನಾಟ್ಯಶಾಸ್ತ್ರದ ಪ್ರಕಾರ ಫಲಕ್ಕೆ ಅಧಿಕಾರಿಯಾದವನೇ ನಾಯಕ. ಇಲ್ಲಿ ಫಲ ದೊರೆಯುವುದು ವಸೀಗರನ್‌ಗೆ. ಸನಾಳನ್ನೂ ಬಿಡುಗಡೆಯನ್ನೂ ಪಡೆಯುವವನು ಅವನೇ. ಆದರೆ ಅಜ್ಞಾನದಿಂದ ಅರಿವಿಗೆ, ಅರಿವಿನಿಂದ ಪತನಕ್ಕೆ, ಪತನದಿಂದ ಪಶ್ಚಾತ್ತಾಪಕ್ಕೆ ಸಾಗುವವನು ಚಿಟ್ಟಿ. ಚಿತ್ರದಾದ್ಯಂತ ಬದಲಾಗುವ ಪಾತ್ರ ಅವನೊಬ್ಬನೇ. ಫಲದ ನಾಯಕ ಒಬ್ಬ, ಅನುಭವದ ನಾಯಕ ಇನ್ನೊಬ್ಬ. ಎರಡು ಪಾತ್ರಗಳನ್ನೂ ಒಬ್ಬನೇ ನಟ ನಿರ್ವಹಿಸಿರುವುದರಿಂದ ಈ ಬಿರುಕು ಸಾಮಾನ್ಯ ಪ್ರೇಕ್ಷಕನಿಗೆ ಕಾಣಿಸದೆ ಹೋಗುತ್ತದೆ. ಪುಟ್ಟಣ್ಣ ಕಣಗಾಲರ 'ಕಥಾಸಂಗಮ'ದಲ್ಲಿ (1976) ಅಂಧ ಹೆಣ್ಣುಮಗಳನ್ನು ಪೀಡಿಸುವ ದುಷ್ಟನಾಗಿ ಕಾಣಿಸಿಕೊಂಡಿದ್ದ ನಟನೇ ಮುಂದೆ ಜನನಾಯಕನ ಬಿಂಬವಾಗಿ ಬೆಳೆದದ್ದು ಚಲನಚಿತ್ರ ಚರಿತ್ರೆಯ ಸಂಗತಿ. ಕೆಂಪು ಚಿಪ್ಪಿನ ಚಿಟ್ಟಿಯ ಅಟ್ಟಹಾಸದಲ್ಲಿ ಆ ಹಳೆಯ ಖಳಬಿಂಬವೇ ಮರಳಿ ಬರುತ್ತದೆ.

3. ಪ್ರತಿರೂಪದ ಪ್ರಣಯ: 'ನಾಗಮಂಡಲ'ದೊಂದಿಗೆ ಮುಖಾಮುಖಿ

ಗಂಡನ ರೂಪ ಧರಿಸಿ ಬಂದ ಮಾನವೇತರ ಪ್ರೇಮಿಯ ಆಶಯ ಕನ್ನಡಿಗರಿಗೆ ಹೊಸದಲ್ಲ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ರಚಿಸಿದ 'ನಾಗಮಂಡಲ'ದಲ್ಲಿ (1988) ನಾಗನು ಅಪ್ಪಣ್ಣನ ರೂಪದಲ್ಲಿ ರಾಣಿಯ ಬಳಿಗೆ ಬರುತ್ತಾನೆ. ಟಿ.ಎಸ್. ನಾಗಾಭರಣರು ಇದನ್ನು 1997ರಲ್ಲಿ ಚಲನಚಿತ್ರವಾಗಿಸಿದರು. ನಾಟಕ ಮತ್ತು 'ಎಂದಿರನ್' ನಡುವಣ ಸಾಮ್ಯಗಳು ಗಮನಾರ್ಹವಾಗಿವೆ. ಎರಡರಲ್ಲೂ ಮೂಲ ಪುರುಷ ಹೆಣ್ಣಿಗೆ ಗಮನ ಕೊಡದವನು. ಅಪ್ಪಣ್ಣ ಹೆಂಡತಿಯನ್ನು ಕೂಡಿಹಾಕಿ ಬೇರೊಬ್ಬಳ ಬಳಿಗೆ ಹೋಗುತ್ತಾನೆ, ವಸೀಗರನ್ ಪ್ರಯೋಗಾಲಯದಲ್ಲಿ ಮುಳುಗಿ ಪ್ರೇಯಸಿಯನ್ನು ಮರೆಯುತ್ತಾನೆ. ಎರಡರಲ್ಲೂ ಪ್ರತಿರೂಪಿ ಮೂಲನಿಗಿಂತ ಹೆಚ್ಚು ಸ್ಪಂದಿಸುತ್ತಾನೆ. ಎರಡರಲ್ಲೂ ಸಮುದಾಯದ ಎದುರು ವಿಚಾರಣೆ ನಡೆಯುತ್ತದೆ. ಎರಡರಲ್ಲೂ ಪ್ರತಿರೂಪಿಯು ತನ್ನ ಅಂತ್ಯವನ್ನು ತಾನೇ ತಂದುಕೊಳ್ಳುವ ಮುಕ್ತಾಯವಿದೆ.

ಸಾಮ್ಯ ಇಲ್ಲಿಗೆ ಮುಗಿಯುತ್ತದೆ, ವ್ಯತ್ಯಾಸ ಇಲ್ಲಿಂದ ಆರಂಭವಾಗುತ್ತದೆ. 'ನಾಗಮಂಡಲ'ದಲ್ಲಿ ಪಂಚಾಯತಿಯ ಮುಂದೆ ನಿಲ್ಲುವವಳು ರಾಣಿ. ನಾಗದಿವ್ಯಕ್ಕೆ ಒಡ್ಡಿಕೊಳ್ಳುವವಳು, ಗೆದ್ದು ಹೊರಬರುವವಳು, ಸತ್ತ ನಾಗನಿಗೆ ಮಗನಿಂದ ಸಂಸ್ಕಾರ ಮಾಡಿಸುವವಳು ಅವಳೇ. ನಾಟಕಕಾರರು ಮತ್ತೊಂದು ಮುಕ್ತಾಯವನ್ನೂ ಒದಗಿಸಿ, ನಾಗನಿಗೆ ಅವಳ ಕೂದಲಿನಲ್ಲಿ ನೆಲೆ ಕಲ್ಪಿಸುತ್ತಾರೆ. ಅಂದರೆ ಪ್ರತಿರೂಪಿಯ ಪ್ರೇಮವು ಹೆಣ್ಣಿನ ಅರಿವಿನೊಳಗೆ ಜಾಗ ಪಡೆಯುತ್ತದೆ. 'ಎಂದಿರನ್'ನಲ್ಲಿ ಸನಾ ಚಿಟ್ಟಿಯನ್ನು ಸ್ಪಷ್ಟವಾಗಿ ನಿರಾಕರಿಸುತ್ತಾಳೆ ಎಂಬುದು ನಿಜ. ಆದರೆ ಆ ನಿರಾಕರಣೆಯ ನಂತರ ಅವಳು ಕಥೆಯ ಕರ್ತೃವಾಗಿ ಉಳಿಯುವುದಿಲ್ಲ. ಅಪಹೃತಳಾಗುತ್ತಾಳೆ, ಕಾಯುತ್ತಾಳೆ, ಬಿಡುಗಡೆಗೊಳ್ಳುತ್ತಾಳೆ. ವಿಚಾರಣೆಯಲ್ಲಿ ತೂಗಲ್ಪಡುವುದು ವಿಜ್ಞಾನಿಯ ಜೀವ ಮತ್ತು ಯಂತ್ರದ ಅಪಾಯ, ಅವಳ ಅನುಭವವಲ್ಲ. ವೈದ್ಯಕೀಯ ವಿದ್ಯಾರ್ಥಿನಿಯಾದ ಅವಳಿಗಿಂತ ಹೆಚ್ಚು ಹಕ್ಕನ್ನು ಕಥನವು ಜನಪದದ ಮುಗ್ಧ ರಾಣಿಗೆ ನೀಡಿದೆ ಎಂಬುದು ಚಿಂತನಾರ್ಹ.

4. ರಕ್ತಬೀಜ ಮತ್ತು ರಾವಣ

ಚಿತ್ರದ ಉತ್ತರಾರ್ಧದಲ್ಲಿ ಚಿಟ್ಟಿಯ ಪಾತ್ರವನ್ನು ಎರಡು ಪೌರಾಣಿಕ ಬಿಂಬಗಳು ಆವರಿಸುತ್ತವೆ. ಮೊದಲನೆಯದು ರಕ್ತಬೀಜನದು. ಚಿದಾನಂದಾವಧೂತರ ದೇವೀಪುರಾಣವನ್ನು ನವರಾತ್ರಿಯಲ್ಲಿ ಓದಿಸುವ ರೂಢಿ ಉತ್ತರ ಕರ್ನಾಟಕದಲ್ಲಿ ಬಲವಾಗಿದೆ. ಬೆಂಗೇರಿಯಂತಹ ಹುಬ್ಬಳ್ಳಿಯ ಬಡಾವಣೆಗಳ ಕೇಳುಗರಿಗೂ ನೆಲಕ್ಕೆ ಬಿದ್ದ ಪ್ರತಿ ರಕ್ತದ ಹನಿಯಿಂದ ಮತ್ತೊಬ್ಬ ದೈತ್ಯ ಏಳುವ ಪ್ರಸಂಗ ಪರಿಚಿತ. ಚಿಟ್ಟಿಯ ಪ್ರತಿರೂಪಗಳು ಸಾಲುಸಾಲಾಗಿ ಹುಟ್ಟಿ, ಗೋಳವಾಗಿ, ಹಾವಾಗಿ, ಮಹಾಕಾಯನಾಗಿ ಜೋಡಣೆಗೊಳ್ಳುವ ದೃಶ್ಯಗಳು ಈ ಬಿಂಬದ ಯಾಂತ್ರಿಕ ರೂಪ. ಒಬ್ಬೊಬ್ಬನನ್ನು ಕೊಂದು ಗೆಲ್ಲಲಾಗದು, ಹುಟ್ಟಿನ ಮೂಲವನ್ನೇ ತಡೆಯಬೇಕು ಎಂಬ ಪರಿಹಾರವೂ ಅದೇ ಬಗೆಯದು. ರಕ್ತ ನೆಲ ಮುಟ್ಟುವ ಮೊದಲೇ ಕಾಳಿ ಹೀರುತ್ತಾಳೆ. ಪ್ರತಿರೂಪಗಳಿಗೆ ತಲುಪುವ ಆಜ್ಞೆಯನ್ನೇ ವಸೀಗರನ್ ತುಂಡರಿಸುತ್ತಾನೆ.

ಎರಡನೆಯದು ರಾವಣನ ಬಿಂಬ. ವಿವಾಹ ಮಂಟಪದಿಂದ ಸನಾಳನ್ನು ಹೊತ್ತೊಯ್ದು ತನ್ನ ಕೋಟೆಯಲ್ಲಿ ಇರಿಸಿಕೊಳ್ಳುವ ಚಿಟ್ಟಿಯಲ್ಲಿ ರಾಮಾಯಣವನ್ನು ಯಾರೂ ಗುರುತಿಸಬಲ್ಲರು. ಆದರೆ ಯಾವ ರಾವಣ? ವಾಲ್ಮೀಕಿಯ ರಾವಣನಿಗಿಂತ ನಾಗಚಂದ್ರನ 'ರಾಮಚಂದ್ರಚರಿತಪುರಾಣ'ದ ರಾವಣ ಇಲ್ಲಿ ಹೆಚ್ಚು ಪ್ರಸ್ತುತ. ಜೈನ ಪರಂಪರೆಯ ಈ ರಾವಣ ಸದ್ಗುಣಿ, ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತಧಾರಿ. ಸೀತೆಯನ್ನು ಕಂಡ ಗಳಿಗೆಯಲ್ಲಿ ಮಾತ್ರ ಅವನ ಚಿತ್ತ ಕದಡುತ್ತದೆ. ಮೂರ್ಛೆ ಹೋದ ಸೀತೆಯನ್ನು ಕಂಡು ಪಶ್ಚಾತ್ತಾಪಗೊಂಡ ಅವನು, ರಾಮಲಕ್ಷ್ಮಣರನ್ನು ಗೆದ್ದ ಮೇಲೆ ಅವಳನ್ನು ಒಪ್ಪಿಸುತ್ತೇನೆಂದು ನಿರ್ಧರಿಸುತ್ತಾನೆ. ಆ ನಿರ್ಧಾರದೊಳಗೂ ಅಭಿಮಾನ ಉಳಿದಿರುವುದರಿಂದ ಅವನ ಸಾವು ದುರಂತವಾಗುತ್ತದೆ. ಕೆಡುಕನಲ್ಲದವನು ಕೆಡುವ ಬಗೆ ಇದು. ಸೇವಾನಿಷ್ಠನಾದ ಚಿಟ್ಟಿ ಒಂದು ಮುತ್ತಿನಿಂದ ಚಂಚಲನಾಗುವುದು, ಕೊನೆಗೆ ಕ್ಷಮೆ ಕೇಳಿ ಕಳಚಿಕೊಳ್ಳುವುದು ಈ ಪ್ರತಿನಾಯಕ ಪರಂಪರೆಗೆ ಸಮೀಪವಾಗಿದೆ.

ರಕ್ತಬೀಜ ಮತ್ತು ನಾಗಚಂದ್ರನ ರಾವಣ ಎರಡು ಭಿನ್ನ ಮೌಲ್ಯಲೋಕಗಳಿಗೆ ಸೇರಿದವರು. ಮೊದಲನೆಯದರಲ್ಲಿ ಕೇಡು ಹೊರಗಿನದು, ನಿರ್ಮೂಲನಕ್ಕೆ ಯೋಗ್ಯವಾದುದು. ಅಲ್ಲಿ ಪಶ್ಚಾತ್ತಾಪಕ್ಕೆ ಎಡೆಯಿಲ್ಲ. ಎರಡನೆಯದರಲ್ಲಿ ಕೇಡು ಒಳಗಿನದು, ಅದನ್ನು ಅನುಭವಿಸಿಯೇ ಅರಿಯಬೇಕು. 'ಎಂದಿರನ್' ಈ ಎರಡನ್ನೂ ಒಂದೇ ಪಾತ್ರದಲ್ಲಿ ತುಂಬಲು ಹೊರಟಿದೆ. ಅವುಗಳ ನಡುವಿನ ವಿರೋಧವನ್ನು ಮುಚ್ಚಲು ಚಿತ್ರಕಥೆ ಕಂಡುಕೊಂಡ ಉಪಾಯವೇ ಕೆಂಪು ಚಿಪ್.

5. ಕೆಂಪು ಚಿಪ್ ಮತ್ತು ಹೊಣೆಯ ಪ್ರಶ್ನೆ

ಕೆಂಪು ಚಿಪ್ ಕಥನದ ದೃಷ್ಟಿಯಿಂದ ಅತ್ಯಂತ ಅನುಕೂಲಕರ ಸಾಧನ. ಅದನ್ನು ಹಾಕಿದರೆ ಚಿಟ್ಟಿ ದೈತ್ಯ, ತೆಗೆದರೆ ಸಾಧು. ನಾಗಚಂದ್ರನ ರಾವಣನಲ್ಲಿ ಬಯಸಿದ ಮನಸ್ಸೇ ಮರುಗುತ್ತದೆ. ಚಿಟ್ಟಿಯಲ್ಲಿ ಬಯಸಿದ್ದು ಮನಸ್ಸು, ಕೊಂದದ್ದು ಚಿಪ್. ಹೀಗಾಗಿ ನ್ಯಾಯಾಲಯದಲ್ಲಿ ಮರಣದಂಡನೆಯ ಅಂಚಿಗೆ ಬಂದ ವಸೀಗರನ್, ಬೋರಾ ಚಿಪ್ ಅಳವಡಿಸಿದ ದೃಶ್ಯವನ್ನು ಚಿಟ್ಟಿ ತೋರಿಸಿದ ಕೂಡಲೇ ನಿರ್ದೋಷಿಯಾಗುತ್ತಾನೆ. ಕೇಡಿನ ಹೊಣೆಯೆಲ್ಲ ಸತ್ತ ಗುರುವಿನ ಮೇಲೆ ಬೀಳುತ್ತದೆ. ಶಿಷ್ಯನ ಬಗ್ಗೆ ಮತ್ಸರವುಳ್ಳ ಗುರು ಎಂಬ ಬೋರಾನ ಪಾತ್ರಕಲ್ಪನೆ ತೆಳುವಾಗಿರುವುದಕ್ಕೂ ಇದೇ ಕಾರಣ. ದೋಷವನ್ನು ಹೊರುವುದಕ್ಕಾಗಿಯೇ ಆ ಪಾತ್ರ ಅಲ್ಲಿದೆ.

ಆದರೆ ಚಿತ್ರದ ಮೊದಲ ಭಾಗವೇ ಈ ತೀರ್ಪಿಗೆ ಎದುರು ಸಾಕ್ಷಿ ಹೇಳುತ್ತದೆ. ಭಾವನೆಗಳನ್ನು ಕೊಟ್ಟವನು ವಸೀಗರನ್. ಅವು ತನ್ನ ಯೋಜನೆಗೆ ಅನುಕೂಲವಾಗಿರುವವರೆಗೆ ಮೆಚ್ಚಿದವನು, ಅಡ್ಡಿಯಾದಾಗ ಕೊಚ್ಚಿಹಾಕಿದವನು ಅವನೇ. ಇದಾದದ್ದು ಕೆಂಪು ಚಿಪ್ ಬರುವ ಮೊದಲು. ಪರೀಕ್ಷೆಯಲ್ಲಿ ಚಿಟ್ಟಿ ಬೇಕೆಂದೇ ವಿಫಲನಾದುದು ಅವನ ಮೊದಲ ಸ್ವತಂತ್ರ ಕ್ರಿಯೆ. ಅದಕ್ಕೆ ದೊರೆತ ಉತ್ತರ ಕೊಡಲಿ. ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' (1818) ಕಾದಂಬರಿಯಲ್ಲಿ ಸೃಷ್ಟಿಕರ್ತನ ಪರಿತ್ಯಾಗವೇ ಸೃಷ್ಟಿಯನ್ನು ಕ್ರೂರಗೊಳಿಸುತ್ತದೆ. ಕಾರೆಲ್ ಚಾಪೆಕ್ ತನ್ನ ನಾಟಕದ (1920) ಮೂಲಕ ಬಳಕೆಗೆ ತಂದ 'ರೋಬೋಟ್' ಎಂಬ ಪದ ಚೆಕ್ ಭಾಷೆಯಲ್ಲಿ ಬಿಟ್ಟಿ ದುಡಿಮೆಯನ್ನು ಸೂಚಿಸುವ ಮೂಲದಿಂದ ಬಂದಿದೆ. ಅಲ್ಲಿನ ದಂಗೆ ದುಡಿಯುವವರ ದಂಗೆ. ಸೈನಿಕರ ಬದಲು ಸಾಯಲೆಂದು ನಿರ್ಮಿತನಾದ ಚಿಟ್ಟಿಯೂ ಬಿಟ್ಟಿ ಆಳೇ. ಒಡೆಯನ ಹೊಣೆಯನ್ನು ಈ ಎರಡೂ ಕೃತಿಗಳು ಕೇಳಿದವು. 'ಎಂದಿರನ್' ಆ ಪ್ರಶ್ನೆಯನ್ನು ಎತ್ತಿ, ಚಿಪ್ಪಿನೊಂದಿಗೆ ಅದನ್ನೂ ಕಿತ್ತು ಎಸೆಯುತ್ತದೆ.

6. ಉಪಸಂಹಾರ

ಚಿತ್ರದ ಕೊನೆಯ ದೃಶ್ಯ 2030ರ ಒಂದು ವಸ್ತುಸಂಗ್ರಹಾಲಯದ್ದು. ತನ್ನನ್ನು ಏಕೆ ಕಳಚಿದರು ಎಂದು ಕೇಳಿದ ವಿದ್ಯಾರ್ಥಿಗೆ, ತಾನು ಯೋಚಿಸಲು ತೊಡಗಿದ್ದೇ ಕಾರಣ ಎಂಬರ್ಥದ ಉತ್ತರವನ್ನು ಚಿಟ್ಟಿ ನೀಡುತ್ತಾನೆ. ಕೆಂಪು ಚಿಪ್ಪನ್ನು ಅವನು ಕಾರಣವಾಗಿ ಹೇಳುವುದಿಲ್ಲ. ನ್ಯಾಯಾಲಯದ ತೀರ್ಪನ್ನು ಚಿತ್ರವೇ ಒಂದು ಮಾತಿನಲ್ಲಿ ಅಲ್ಲಗಳೆಯುವ ಈ ಘಟ್ಟದಲ್ಲಿ, ಅದುಮಿಟ್ಟ ದುರಂತನಾಯಕನ ಬಿಂಬ ಮತ್ತೆ ತಲೆ ಎತ್ತುತ್ತದೆ.

ಒಟ್ಟಾರೆಯಾಗಿ, 'ಎಂದಿರನ್' ಪಾಶ್ಚಾತ್ಯ ವೈಜ್ಞಾನಿಕ ಕಥನದ ಅನುಕರಣೆ ಮಾತ್ರವೂ ಅಲ್ಲ, ಪುರಾಣದ ಸರಳ ಪುನರುಕ್ತಿಯೂ ಅಲ್ಲ. ಪ್ರತಿರೂಪಿ ಪ್ರೇಮಿ, ರಕ್ತಬೀಜ, ಪಶ್ಚಾತ್ತಾಪಿ ಪ್ರತಿನಾಯಕ ಎಂಬ ಮೂರು ಬಿಂಬಗಳು ಅದರಲ್ಲಿ ಪರಸ್ಪರ ಸೆಣಸುತ್ತವೆ. ಹೆಣ್ಣಿನ ಅರಿವನ್ನೂ ನಿರ್ಮಾತೃವಿನ ಹೊಣೆಯನ್ನೂ ಬದಿಗೆ ಸರಿಸಿದ ಕಾರಣ ಆ ಸೆಣಸಾಟ ಅಪೂರ್ಣವಾಗಿ ಉಳಿದಿದೆ. ಯೋಚಿಸುವಂತೆ ತೋರುವ ಯಂತ್ರಗಳು ದಿನಬಳಕೆಗೆ ಬಂದಿರುವ ಇಂದು, ತಪ್ಪು ಯಂತ್ರದ್ದೇ, ನಿರ್ಮಿಸಿದವರದ್ದೇ ಎಂಬ ಪ್ರಶ್ನೆ ಕೇವಲ ಕಲ್ಪನೆಯದಾಗಿ ಉಳಿದಿಲ್ಲ. ಅದನ್ನು ಎದುರಿಸಲು ಬೇಕಾದ ಸೂಕ್ಷ್ಮತೆ ಒಂಬತ್ತು ಶತಮಾನಗಳ ಹಿಂದಿನ ನಾಗಚಂದ್ರನಲ್ಲಿದೆ, ರಾಣಿಯ ಕಥೆ ಹೇಳಿದ ಹೆಸರಿಲ್ಲದ ಅಜ್ಜಿಯರಲ್ಲಿದೆ. ತರಗತಿಯಲ್ಲಿ ಈ ಪಠ್ಯಗಳನ್ನು ಜನಪ್ರಿಯ ಚಿತ್ರಗಳ ಪಕ್ಕದಲ್ಲಿಟ್ಟು ಓದಿಸಿದರೆ ಹಳಗನ್ನಡವೂ ಚಲನಚಿತ್ರವೂ ಪರಸ್ಪರ ಬೆಳಕು ಪಡೆಯುವುದರಲ್ಲಿ ಸಂದೇಹವಿಲ್ಲ.