ಗುಂಡು ತಗುಲಲೇಬೇಕೆಂದು ಯಾವ ನಿಯಮ ಹೇಳಿದೆ?

‘ಗುಂಡೇಟು ತಿಂದವರಿಗೆ ಮಾತ್ರ ಅಂಗವೈಕಲ್ಯ ಪಿಂಚಣಿ. ಶಾಂತಿ ನೆಲೆಯಲ್ಲಿ ಬಂದ ಬಿಪಿ, ಫಿಟ್ಸು, ಬೆನ್ನುನೋವಿಗೆಲ್ಲ ಯಾರು ಕೊಡ್ತಾರೆ?’ ಮಡಿಕೇರಿಯಿಂದ ಬೆಳಗಾವಿಯವರೆಗೆ ಮಿಲಿಟರಿ ಕ್ಯಾಂಟೀನಿನ ಸಾಲಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರು ಸುಬೇದಾರರಾಗಿ ನಿವೃತ್ತರಾದವರು. ಹಾಗಾಗಿ ಹವಾಲ್ದಾರರು ಎದುರಾಡುವುದಿಲ್ಲ. ಶ್ರೇಣಿ ದೊಡ್ಡದಾದರೆ ಮಾತೂ ನಿಜವಾದೀತೇ?

ನಿಯಮ ಗುಂಡನ್ನು ಕೇಳಿಯೇ ಇಲ್ಲ. ಅಂಗವೈಕಲ್ಯ ಸೇವೆಯಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು. ಎರಡರಲ್ಲಿ ಒಂದು ಸಾಕು. ಪ್ರಮಾಣ ಶೇ 20ಕ್ಕೆ ಕಡಿಮೆ ಇರಬಾರದು. ಕಾರಣ ಹುಟ್ಟಿದ್ದು ಯುದ್ಧಭೂಮಿಯಲ್ಲೋ ಶಾಂತಿ ನೆಲೆಯಲ್ಲೋ ಎಂಬುದು ಮುಖ್ಯವಲ್ಲ ಎಂದು ಸೇನಾ ವೈದ್ಯಕೀಯ ನಿಯಮಾವಳಿಯ 423ನೇ ನಿಯಮವೇ ಹೇಳುತ್ತದೆ.

ಧರಮ್‌ವೀರ್ ಸಿಂಗ್ 1985ರಲ್ಲಿ ಸಿಪಾಯಿಯಾಗಿ ಸೇರಿದವರು. ಅಪಸ್ಮಾರದ ಕಾರಣಕ್ಕೆ 1994ರಲ್ಲಿ ಅವರನ್ನು ಸೇನೆಯಿಂದ ಬಿಡುಗಡೆ ಮಾಡಲಾಯಿತು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಮೆಡಿಕಲ್ ಬೋರ್ಡ್ ಬರೆಯಿತು, ಪಿಂಚಣಿ ತಪ್ಪಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ಭರ್ತಿಯ ದಿನ ದಾಖಲೆಯಲ್ಲಿ ರೋಗವಿರಲಿಲ್ಲವೆಂದರೆ ಆತ ಆರೋಗ್ಯವಂತನಾಗಿಯೇ ಸೇರಿದನೆಂದು ತಿಳಿಯಬೇಕು. ಸಂಬಂಧವಿಲ್ಲ ಎನ್ನುವ ಬೋರ್ಡ್ ಕಾರಣ ಬರೆಯಬೇಕು. ಸಾಬೀತಿನ ಹೊರೆ ಸೈನಿಕನದಲ್ಲ. ಸಂಶಯದ ಲಾಭವೂ ಅವನಿಗೇ. ಹಾಗೆಂದು ಎಲ್ಲ ಕಾಯಿಲೆಗೂ ಹಣ ಬರುತ್ತದೆಂದಲ್ಲ. ಬೋರ್ಡ್ ಸರಿಯಾದ ಕಾರಣ ಕೊಟ್ಟಿದ್ದರೆ ಗೆಲುವು ಕಷ್ಟ. 2023ರ ಸೆಪ್ಟೆಂಬರ್ 21ರ ನಂತರ ಸೇನೆ ಬಿಟ್ಟವರು ಅಂದು ಜಾರಿಗೆ ಬಂದ ಹೊಸ ನಿಯಮಗಳನ್ನೇ ನೋಡಬೇಕು.

ಉಳಿದ ಪುಕಾರುಗಳಿಗೆ ಒಂದೊಂದು ಸಾಲು ಸಾಕು.

‘ತಿರಸ್ಕಾರ ಪತ್ರ ಬಂದರೆ ಮುಗಿಯಿತು.’ ಇಲ್ಲ, ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಆಮೇಲೆ ಎರಡನೆಯದು, ಅದೂ ಬಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ.

‘ವರ್ಷಗಳು ಕಳೆದವು, ಹಕ್ಕು ಹೋಯಿತು.’ ಪಿಂಚಣಿ ತಿಂಗಳು ತಿಂಗಳೂ ತಪ್ಪುವ ಹಣ. ತಡಮಾಡಿದರೆ ಹಳೆಯ ಬಾಕಿಗೆ ಕತ್ತರಿ ಬೀಳಬಹುದು, ಅಷ್ಟೆ.

‘ಅವಧಿ ಮುಗಿಸಿ ಬಂದವರಿಗೆ ಶೇ 20ರ ಅಂಗವೈಕಲ್ಯವನ್ನು 50ಕ್ಕೆ ಏರಿಸುವುದಿಲ್ಲ.’ ಅವರಿಗೂ ಏರಿಸಬೇಕೆಂದ ಸುಪ್ರೀಂ ಕೋರ್ಟಿನ 2014ರ ರಾಮ್ ಅವತಾರ್ ತೀರ್ಪಿನ ನಂತರವೂ ಇದನ್ನು ನಂಬುವವರಿದ್ದಾರೆ!

‘ರಜೆಯಲ್ಲಿ ಊರಲ್ಲಿ ಬಿದ್ದರೂ ಸಿಗುತ್ತದೆ.’ ಸೇವೆಯೊಂದಿಗೆ ನಂಟು ತೋರಿಸದೆ ಸಿಗದು.

ಹಿಮದಲ್ಲಿ ಕಾವಲು ನಿಂತವರು ಮೊಹರು ಬಿದ್ದ ಹಾಳೆಯೊಂದಕ್ಕೆ ಬೆದರುವುದು ನೋಡಿದರೆ ಸಿಟ್ಟೂ ಬರುತ್ತದೆ, ಮರುಕವೂ ಆಗುತ್ತದೆ. ಆದೇಶ ಪ್ರಶ್ನಿಸಬಾರದೆಂಬುದು ಸೇನೆಯೊಳಗೆ ಶಿಸ್ತು. ನಿವೃತ್ತಿಯ ಮೇಲೂ ಹಾಗೇ ಇದ್ದರೆ ಬರಿಯ ಮೌಢ್ಯ. ಗೆಲ್ಲಿಸಿಕೊಡುತ್ತೇನೆಂದು ಕಮಿಷನ್ ಕೇಳುವವರು ಬದುಕುವುದೂ ಇದರ ಮೇಲೆಯೇ.

ಮಾಹಿತಿ ಹಕ್ಕಿನಡಿ ನಿಮ್ಮ ಮೆಡಿಕಲ್ ಬೋರ್ಡ್ ಕಡತದ ಪ್ರತಿ ತರಿಸಿಕೊಳ್ಳಿ. ಕಾರಣ ಬರೆಯಬೇಕಾದ ಜಾಗ ಓದಿ. ಅಲ್ಲಿ ಕಾರಣವೇ ಇಲ್ಲದಿದ್ದರೆ ಇಂದೇ ಮೇಲ್ಮನವಿ ಬರೆಯಿರಿ.