ರಗ್ಬಿ: ಕಸುವುಂಟು, ಕಾಸಿಲ್ಲ

ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿ ಓಡುವ ಆಟವೇ ರಗ್ಬಿ. 2025ರ ಜೂನಿನಲ್ಲಿ ಮುಂಬಯಿಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಚೆನ್ನೈ ಬುಲ್ಸ್ ತಂಡ ಗೆದ್ದಿತು. ಬೆಂಗಳೂರಿನದೂ ಒಂದು ತಂಡವಿತ್ತು. ತವರಿನ ಅಭಿಮಾನವೋ, ಅನ್ನದ ಋಣವೋ? ಕ್ರೋಂಪೇಟೆಯ ನಾವು ಗೆದ್ದವರಿಗೇ ಜಯಕಾರ ಹಾಕಿ ಪಾರಾದೆವೆನ್ನಿ!

ಎರಡು ವಾರದ ಹಬ್ಬವೇನೋ ಮುಗಿಯಿತು. ಮುಂದೆ? ಹಣದ ಬರ ನಮಗೊಬ್ಬರಿಗೇ ಅಲ್ಲ. ಸಿರಿವಂತ ಅಮೆರಿಕೆಯನ್ನೇ ನೋಡಿ: 1920, 1924ರ ಒಲಿಂಪಿಕ್ಸಿನಲ್ಲಿ ಚಿನ್ನ ತಂದ ಈ ಆಟದ ಸಂಸ್ಥೆ ಅಲ್ಲಿ 2020ರಲ್ಲಿ ದಿವಾಳಿ ಅರ್ಜಿ ಹಾಕಿತು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಹೆಣ್ಣುಮಕ್ಕಳು ಕಂಚು ಗೆದ್ದಮೇಲಷ್ಟೆ, ಮಿಷೆಲ್ ಕಾಂಗ್ ಎಂಬ ಮಹಿಳೆ ಅವರ ತಂಡಕ್ಕೆ 40 ಲಕ್ಷ ಡಾಲರು ನೀಡುವುದಾಗಿ ಸಾರಿದರು.

ನಮ್ಮ ಮಕ್ಕಳಿಗೆ ಅಷ್ಟೆಲ್ಲ ಬೇಡ. ಒಂದು ಚೆಂಡು, ಬಿದ್ದರೆ ಮಂಡಿ ತರಚದ ಹುಲ್ಲುನೆಲ, ವರ್ಷವಿಡೀ ಕಲಿಸುವ ಒಬ್ಬ ಗುರು.