ಪಾಠಾಭ್ಯಾಸಕ್ಕೆ ಎಂಥ ಲ್ಯಾಪ್‌ಟಾಪ್?

ಲ್ಯಾಪ್‌ಟಾಪ್ ಕೊಳ್ಳುವ ಪ್ರಶಿಕ್ಷಣಾರ್ಥಿಗಳು ಮೊದಲು ಕೇಳುವುದು ಪರದೆಯ ಗಾತ್ರವನ್ನು. ದೊಡ್ಡದಿದ್ದರೆ ಕೊನೆಯ ಬೆಂಚಿನ ಮಗುವಿಗೂ ಕಾಣುತ್ತದೆಂಬ ಲೆಕ್ಕ. ಅಳೆದು ನೋಡಿ: 14 ಇಂಚಿನ ಪರದೆಯ ಅಗಲ ಸುಮಾರು 31 ಸೆಂ.ಮೀ., 15.6 ಇಂಚಿನದು 34.5 ಸೆಂ.ಮೀ. (ಇಂಚಿನ ಲೆಕ್ಕ ಕರ್ಣದ್ದು, ಅಗಲದ್ದಲ್ಲ; ಗಣಿತದವರಿಗೆ ಇದೇ ಒಂದು ಪಾಠ!) ನಲವತ್ತು ಮಕ್ಕಳ ತರಗತಿಗೆ ಎರಡೂ ಸಾಲವು, ಪ್ರೊಜೆಕ್ಟರ್ ಬೇಕೇ ಬೇಕು. ಅದಿದ್ದಾಗ ಗೋಡೆಯ ಮೇಲಿನ ಚಿತ್ರಕ್ಕೂ ಲ್ಯಾಪ್‌ಟಾಪಿನ ಗಾತ್ರಕ್ಕೂ ಸಂಬಂಧವಿಲ್ಲ. ಐದಾರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಗುಂಪು ಚಟುವಟಿಕೆ ಮಾಡಿಸುವಾಗ ಮಾತ್ರ ದೊಡ್ಡ ಪರದೆಯಿಂದ ಕೊಂಚ ಅನುಕೂಲ.

ಜಿಯೋಜೀಬ್ರಾದ ರೇಖಾಚಿತ್ರಗಳಿಗಾಗಲಿ ಫೆಟ್‌ನ ವಿಜ್ಞಾನ ಪ್ರಯೋಗಗಳಿಗಾಗಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ, ಪ್ರೊಸೆಸರ್‌ನೊಳಗಿರುವುದೇ ಸಾಕು. ತ್ರೀಡಿ ಅನಿಮೇಷನ್ ತಯಾರಿಸುವವರ ಮಾತು ಬೇರೆ. ಕಾರ್ಡಿನ ಜೊತೆಗೆ ಬೆಲೆ, ಬಿಸಿ, ತೂಕ ಎಲ್ಲವೂ ಏರುತ್ತವೆ. ಗೇಮಿಂಗ್ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಎರಡು ಕಿಲೋ ದಾಟುತ್ತವೆ, ಚಾರ್ಜರ್ ಬೇರೆ. ಪಾಠಯೋಜನೆ, ಚಾರ್ಟು, ಬುತ್ತಿ ಹೊತ್ತು ದಿನವೂ ಬಸ್ಸಿನಲ್ಲಿ ನಿಂತು ಹೋಗುವ ಹೆಗಲಿಗೆ ಒಂದೂವರೆ ಕಿಲೋ ಆಸುಪಾಸಿನದೇ ಸರಿಯೆಂಬುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ: ತೆಳು ಲ್ಯಾಪ್‌ಟಾಪ್‌ಗಳಲ್ಲಿ ವಿಜಿಎ ಕಿಂಡಿ ಇರುವುದಿಲ್ಲ, ಹಳೆಯ ಪ್ರೊಜೆಕ್ಟರ್‌ಗಳಿಗೋ ಅದೇ ಬೇಕು. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಅಡಾಪ್ಟರನ್ನು ಜೊತೆಗೇ ಕೊಂಡು, ಪಾಠದ ಹಿಂದಿನ ದಿನವೇ ಶಾಲೆಗೆ ಹೋಗಿ ಜೋಡಿಸಿ ನೋಡಿ.